ಸ್ಕೂಲ್ ಒಳ್ಳೇದು, ದಾರಿ ದೂರ: ಕೊಡಗಲ್ಲಿ ಮಗುಗೆ ಶಾಲೆ ಆರಿಸೋಕೆ ಮುಂಚೆ ಮಾಡ್ಬೇಕಾದ ಕೆಲಸಗಳು

ಕಾಫಿ ಕುಯ್ಲು ಶುರುವಾಗೋ ಹೊತ್ತಿಗೆ ನಮ್ಮ ಕಡೆ ಇನ್ನೊಂದು ಮಾತೂ ಶುರುವಾಗುತ್ತೆ, "ಮುಂದಿನ ವರ್ಷ ಮಗೂನ ಎಲ್ಲಿಗೆ ಹಾಕ್ತೀರ" ಅಂತ. ಮದುವೆ ಮನೇಲಿ ಊಟಕ್ಕೆ ಕೂತಾಗ, ಸಂತೇಲಿ, ಬ್ಯಾಂಕ್ ಕ್ಯೂನಲ್ಲಿ, ಎಲ್ಲಿ ಹೋದ್ರೂ ಅದೇ. ಪಕ್ಕದ ಮನೆಯವರು ಮಡಿಕೇರಿಗೆ ಹಾಕಿದ್ದಾರೆ, ಅಣ್ಣನ ಮಕ್ಕಳು ಗೋಣಿಕೊಪ್ಪಕ್ಕೆ ಹೋಗ್ತಾರೆ, ನಾವು ಮಾತ್ರ ಊರಿನ ಶಾಲೇಲೇ ಬಿಟ್ರೆ ಮಗುಗೆ ಅನ್ಯಾಯ ಮಾಡಿದ ಹಾಗಾಗುತ್ತೇನೋ ಅಂತ ಒಂದು ಭಯ. ಆ ಭಯದಲ್ಲೇ ನಾವೂ ಒಂದು ಸಲ ತಪ್ಪು ನಿರ್ಧಾರ ಮಾಡಿದ್ವಿ. ಅದನ್ನ ಸರಿ ಮಾಡ್ಕೊಳ್ಳೋಕೆ ಎರಡು ವರ್ಷ ಹಿಡೀತು. ಬೇರೆ ಅಪ್ಪ ಅಮ್ಮಂದಿರಿಗೆ ಆ ಎರಡು ವರ್ಷ ಉಳೀಲಿ ಅಂತ ಇದನ್ನ ಬರೀತಿದ್ದೀನಿ.

ನಮ್ಮನೆ ಸಿದ್ದಾಪುರದಿಂದ ಸ್ವಲ್ಪ ಒಳಗೆ, ತೋಟದ ರೋಡಲ್ಲಿ. 2022ರ ಜೂನಲ್ಲಿ ಮಗಳನ್ನ 26 ಕಿಲೋಮೀಟರ್ ದೂರದ ಒಂದು ಹೆಸರಾದ ಇಂಗ್ಲಿಷ್ ಮೀಡಿಯಂ ಸ್ಕೂಲ್‌ಗೆ ಒಂದನೇ ಕ್ಲಾಸ್‌ಗೆ ಸೇರಿಸಿದ್ವಿ. ಬೆಳಿಗ್ಗೆ 6.45ಕ್ಕೆ ವ್ಯಾನ್, ಸಾಯಂಕಾಲ ಮನೆಗೆ ಬರೋವಾಗ 5.20. ಜುಲೈ ತಿಂಗಳು ನೆನಪಿಸ್ಕೊಂಡ್ರೆ ಇವತ್ತಿಗೂ ನನಗೆ ಕಣ್ಮುಂದೆ ಬರೋದು ಒಲೆ ಮೇಲೆ ಕಟ್ಟಿದ ಹಗ್ಗ, ಅದರಲ್ಲಿ ನೇತು ಹಾಕಿದ ಮೂರು ಜೊತೆ ಸಾಕ್ಸು, ಒಂದೂ ಒಣಗಿರಲ್ಲ, ಹೊಗೆ ವಾಸನೆ ಬೇರೆ, ಅದನ್ನೇ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಒತ್ತಿ ಅರೆ ನಿದ್ದೇಲಿರೋ ಮಗುವಿನ ಕಾಲಿಗೆ ಹಾಕ್ತಿದ್ದೆ. ಯೂನಿಫಾರ್ಮ್ ಜೇಬಲ್ಲಿ ಯಾವಾಗ್ಲೂ ಮಡಚಿಟ್ಟ ಎರಡು ಪ್ಲಾಸ್ಟಿಕ್ ಕವರ್, ವಾಂತಿ ಬಂದ್ರೆ ಅಂತ. ಒಂದು ದಿನ ಅವಳೇ "ಅಮ್ಮ ಇವತ್ತು ಒಂದೇ ಕವರ್ ಸಾಕು, ನಾನು ತಿಂಡಿ ತಿನ್ನಲ್ಲ" ಅಂದಳು. ಆರು ವರ್ಷದ ಮಗು ಹೊಟ್ಟೆ ಖಾಲಿ ಇಟ್ಕೊಂಡು ಹೋಗೋದನ್ನ ತಾನೇ ಕಲಿತುಬಿಟ್ಟಿತ್ತು. ಸ್ಕೂಲ್ ನಿಜವಾಗ್ಲೂ ಚೆನ್ನಾಗಿತ್ತು, ಟೀಚರ್‌ಗಳ ಮೇಲೆ ನನಗೆ ಯಾವ ದೂರೂ ಇಲ್ಲ. ತೊಂದ್ರೆ ಇದ್ದಿದ್ದು ದಾರೀಲಿ. ಆ ದಾರಿ ಬಗ್ಗೆ ನಾವು ಅಡ್ಮಿಷನ್ ಮಾಡೋವಾಗ ಹತ್ತು ನಿಮಿಷ ಕೂಡ ಯೋಚ್ನೆ ಮಾಡಿರಲಿಲ್ಲ.

ಮೊದಲನೇ ಕೆಲಸ: ಕಿಲೋಮೀಟರ್ ಬಿಟ್ಟು ಗಂಟೆ ಬರ್ಕೊಳ್ಳಿ

ಬಯಲು ಸೀಮೇಲಿ 25 ಕಿಲೋಮೀಟರ್ ಅಂದ್ರೆ ಅರ್ಧ ಗಂಟೆ. ನಮ್ಮಲ್ಲಿ ಹಾಗಲ್ಲ. ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿಲೋಮೀಟರ್, ಕಾರಲ್ಲಿ ಹೋದ್ರೇನೇ ಮುಕ್ಕಾಲು ಗಂಟೆ ಮೇಲೆ ಹಿಡಿಯುತ್ತೆ, ಇನ್ನು ಹತ್ತು ಕಡೆ ನಿಲ್ಲಿಸ್ಕೊಂಡು ಒಳರೋಡ್‌ಗೆ ನುಗ್ಗಿ ಬರೋ ಸ್ಕೂಲ್ ವ್ಯಾನ್ ಕಥೆ ಬೇರೇನೇ. ಹಾಗಾಗಿ ಒಂದು ಪೇಪರ್ ತಗೊಂಡು ಬರೀರಿ: ಮಗು ಮನೆ ಬಾಗಿಲು ದಾಟೋ ಟೈಮ್, ರೋಡ್‌ಗೆ ಬಂದು ಕಾಯೋ ಟೈಮ್, ವ್ಯಾನ್ ಹತ್ತೋದು, ಸ್ಕೂಲ್ ಗೇಟ್ ತಲುಪೋದು, ಕೊನೇ ಬೆಲ್ ಆದ್ಮೇಲೆ ವ್ಯಾನ್ ಹೊರಡೋ ತನಕ ಕಾಯೋದು (ಇದನ್ನ ಎಲ್ಲರೂ ಮರೀತಾರೆ, ದೊಡ್ಡ ಕ್ಲಾಸ್ ಬಿಡೋ ತನಕ ಚಿಕ್ಕವರು ಅರ್ಧ ಗಂಟೆ ಕೂತಿರ್ತಾರೆ), ಮತ್ತೆ ಮನೆ ಬಾಗಿಲು.

ನಮ್ಮ ಲೆಕ್ಕ ಹೋಗೋಕೆ ಒಂದೂಮುಕ್ಕಾಲು ಗಂಟೆ, ಬರೋಕೆ ಒಂದೂವರೆ, ಒಟ್ಟು ದಿನಕ್ಕೆ 3 ಗಂಟೆ 15 ನಿಮಿಷ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ಕ್ಲಾಸ್‌ಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗ್ಬೇಕು. 6ರಿಂದ 8ಕ್ಕೆ 220 ದಿನ, 1000 ಗಂಟೆ. 200 ದಿನಕ್ಕೆ ಮೂರೂಕಾಲು ಗಂಟೆ ಗುಣಿಸಿದ್ರೆ 650 ಗಂಟೆ. ಅಂದ್ರೆ 800 ಗಂಟೆ ಪಾಠ ಕೇಳೋಕೆ ನನ್ನ ಮಗಳು 650 ಗಂಟೆ ವ್ಯಾನಲ್ಲಿ, ರೋಡ್ ಬದೀಲಿ ಕಳೀತಿದ್ದಳು. ಈ ನಂಬರನ್ನ ಮನೆಯವರಿಗೆ ತೋರಿಸಿದ ದಿನ ಅವ್ರು ಸುಮಾರು ಹೊತ್ತು ಮಾತೇ ಆಡಲಿಲ್ಲ. ನಿಮ್ಮದೂ ಹೀಗೆ ಗುಣಿಸಿ ನೋಡಿ. ಒಂದು ಕಡೆಗೆ ಅರ್ಧ ಗಂಟೆ ಅಂದ್ರೆ ವರ್ಷಕ್ಕೆ 200 ಗಂಟೆ, ಅದು ಪರವಾಗಿಲ್ಲ. ಒಂದು ಗಂಟೆ ದಾಟ್ತು ಅಂದ್ರೆ ಆ ಸ್ಕೂಲ್ ಹತ್ತಿರದ ಸ್ಕೂಲ್‌ಗಿಂತ ಸ್ವಲ್ಪ ಚೆನ್ನಾಗಿದ್ರೆ ಸಾಲಲ್ಲ, ತುಂಬಾನೇ ಚೆನ್ನಾಗಿರ್ಬೇಕು ಅನ್ನೋದು ನನ್ನ ಅಭಿಪ್ರಾಯ.

ಎರಡನೇ ಕೆಲಸ: ನೀವೇ ಆ ವ್ಯಾನಲ್ಲಿ ಕೂತು ಹೋಗ್ಬನ್ನಿ

ಅಡ್ಮಿಷನ್ ಆಗೋದು ಜನವರಿಯಿಂದ ಏಪ್ರಿಲ್ ಒಳಗೆ. ಆಗ ನಮ್ಮ ರೋಡ್‌ಗಳು ಒಣಗಿ ಚೆನ್ನಾಗಿರ್ತವೆ, ಬಿಸಿಲಿರುತ್ತೆ, ಕಾರಲ್ಲಿ ಹಾಯಾಗಿ ಹೋಗಿ ಬರ್ತೀವಿ, "ಅಯ್ಯೋ ಏನು ದೂರ ಮಹಾ" ಅನ್ಸುತ್ತೆ. ಹಾಗೆ ನೋಡ್ಬೇಡಿ. ಆ ಸ್ಕೂಲ್‌ಗೆ ಈಗಾಗ್ಲೇ ಮಕ್ಕಳನ್ನ ಕಳಿಸ್ತಿರೋ ಊರವರನ್ನ ಕೇಳಿ, ಅದೇ ವ್ಯಾನಲ್ಲಿ ಒಂದು ದಿನ ಹೋಗೋಕೆ ಆಗುತ್ತಾ ವಿಚಾರಿಸಿ, ಆಗ್ಲಿಲ್ಲ ಅಂದ್ರೆ ವ್ಯಾನ್ ಹಿಂದೆ ಬೈಕಲ್ಲಾದ್ರೂ ಹೋಗಿ. ಸಾಧ್ಯ ಆದ್ರೆ ಒಂದು ವರ್ಷ ಮುಂಚೇನೇ, ಜುಲೈ ತಿಂಗಳಲ್ಲಿ. ವ್ಯಾನ್ ಎಷ್ಟು ಕಡೆ ನಿಲ್ಲುತ್ತೆ, ನಿಮ್ಮ ಮಗು ಮೊದಲು ಹತ್ತೋದಾ ಕೊನೇಲಿ ಹತ್ತೋದಾ, ಕೂರೋಕೆ ಸೀಟ್ ಸಿಗುತ್ತಾ ಇಲ್ಲ ದೊಡ್ಡ ಮಕ್ಕಳ ಮಡಿಲಲ್ಲಿ ಕೂರಿಸ್ತಾರಾ, ಇದೆಲ್ಲ ಪ್ರಾಸ್ಪೆಕ್ಟಸ್‌ನಲ್ಲಿ ಬರೆದಿರಲ್ಲ.

ವಾಂತಿ ವಿಷ್ಯ ಹಗುರವಾಗಿ ತಗೋಬೇಡಿ. ತಿರುವಿನ ರೋಡಲ್ಲಿ ವಾಂತಿ ಬರೋದು 2 ವರ್ಷದಿಂದ 12 ವರ್ಷದ ಮಕ್ಕಳಲ್ಲೇ ಜಾಸ್ತಿ. ಕಿವಿ ಒಳಗಿನ ಭಾಗ "ಓಡ್ತಿದ್ದೀವಿ, ತಿರುಗ್ತಿದ್ದೀವಿ" ಅನ್ನುತ್ತೆ, ಕಣ್ಣು ಮಾತ್ರ ಮುಂದಿನ ಸೀಟನ್ನ ನೋಡ್ತಾ "ಅಲ್ಲಾಡ್ತಾನೇ ಇಲ್ಲ" ಅನ್ನುತ್ತೆ, ಈ ಎರಡೂ ಹೊಂದದೆ ಹೊಟ್ಟೆ ತೊಳೆಸುತ್ತೆ. ಚಿಕ್ಕ ಮಕ್ಕಳಿಗೆ ಕಿಟಕಿ ಎಟುಕಲ್ಲ, ಅದಕ್ಕೇ ಅವರಿಗೆ ಇನ್ನೂ ಕಷ್ಟ. ಮುಂದಿನ ಸಾಲಲ್ಲಿ ದೂರ ಕಾಣೋ ಹಾಗೆ ಕೂರಿಸೋದು, ಕಿಟಕಿ ಸ್ವಲ್ಪ ತೆಗೆಯೋದು, ಎಣ್ಣೆ ತಿಂಡಿ ಬಿಟ್ಟು ಇಡ್ಲಿ, ಕಡುಬು, ಬಾಳೆಹಣ್ಣು ಥರ ಸ್ವಲ್ಪ ಏನಾದ್ರೂ ತಿನ್ನಿಸೋದು, ಮೊಬೈಲ್ ಪುಸ್ತಕ ಎರಡೂ ಕೈಗೆ ಕೊಡದೇ ಇರೋದು, ಇಷ್ಟು ಮಾಡಿದ್ರೆ ಅರ್ಧ ಕಮ್ಮಿ ಆಗುತ್ತೆ. ದಿನಾ ಆಗ್ತಿದ್ರೆ ಡಾಕ್ಟರ್ ಹತ್ರ ಕೇಳಿ, ಮೆಡಿಕಲ್‌ನಿಂದ ನೀವೇ ಮಾತ್ರೆ ತಂದು ದಿನಾ ಕೊಡ್ಬೇಡಿ, ಅದ್ರಲ್ಲಿ ಕೆಲವು ಮಕ್ಕಳನ್ನ ತೂಕಡಿಸೋ ಹಾಗೆ ಮಾಡ್ತವೆ, ಕ್ಲಾಸಲ್ಲಿ ಕೂತು ನಿದ್ದೆ ಮಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು.

ಮೂರನೇ ಕೆಲಸ: ಮಳೆಗಾಲದ ಲೆಕ್ಕ ಬೇರೆ ಇಡಿ

ಕೊಡಗಿನವರಿಗೆ ಇದನ್ನ ವಿವರಿಸೋದು ಬೇಡ, ಆದ್ರೂ ಅಡ್ಮಿಷನ್ ಟೈಮಲ್ಲಿ ನಾವೇ ಮರೆತುಬಿಡ್ತೀವಿ. ಜೂನ್‌ನಿಂದ ಸೆಪ್ಟೆಂಬರ್ ಅಂದ್ರೆ ಶಾಲಾ ವರ್ಷದ ಮೊದಲ ನಾಲ್ಕು ತಿಂಗಳು, ಮಗು ಹೊಸ ಕ್ಲಾಸಿಗೆ ಹೊಂದ್ಕೊಳ್ಳೋ ತಿಂಗಳು, ಅದೇ ಟೈಮಲ್ಲಿ ರೋಡ್‌ಗೆ ಮರ ಬೀಳೋದು, ಬರೆ (ರೋಡ್ ಪಕ್ಕದ ಮಣ್ಣಿನ ದಿಬ್ಬ) ಕುಸಿಯೋದು, ಹೊಳೆ ಉಕ್ಕೋದು. 2018ರ ಆಗಸ್ಟಲ್ಲಿ ಮಡಿಕೇರಿ ಸುತ್ತಮುತ್ತ, ಮಕ್ಕಂದೂರು, ಜೋಡುಪಾಲ ಕಡೆ ಏನಾಯ್ತು ಅಂತ ನೋಡಿದ್ದೀವಿ, ಮಂಗಳೂರು ರೋಡೇ ಮುಚ್ಚಿಹೋಯ್ತು. 2019ರಲ್ಲಿ ವಿರಾಜಪೇಟೆ ಕಡೆ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಅಂಥ ದೊಡ್ಡ ಅನಾಹುತ ಬಿಡಿ, ಸಾಮಾನ್ಯ ಮಳೆ ವರ್ಷದಲ್ಲೂ ಭಾಗಮಂಡಲದ ಸಂಗಮದಲ್ಲಿ ನೀರೇರಿದ್ರೆ ನಾಪೋಕ್ಲು ಕಡೆ ರೋಡ್ ಮುಳುಗುತ್ತೆ, ನಮ್ಮ ಕಡೆ ಕರಡಿಗೋಡು, ಗುಹ್ಯದವರಿಗೆ ಕಾವೇರಿ ಏರಿದ್ರೆ ಮನೆಯಿಂದ ಹೊರಗೆ ಬರೋದೇ ಕಷ್ಟ.

ಹಾಗಾಗಿ ಮೂರು ವಿಷ್ಯ ಬರ್ಕೊಳ್ಳಿ. ಮನೆಯಿಂದ ಸ್ಕೂಲ್ ತನಕ ಎಷ್ಟು ಸೇತುವೆ, ಎಷ್ಟು ಕಡೆ ಬರೆ, ಅದು ಬಂದ್ ಆದ್ರೆ ಬೇರೆ ರೋಡ್ ಇದೆಯಾ, ಆ ರೋಡಲ್ಲಿ ವ್ಯಾನ್ ಬರುತ್ತಾ. ಮಧ್ಯಾಹ್ನ ರೋಡ್ ಬಂದ್ ಆಯ್ತು ಅಂದ್ರೆ ಆ ರಾತ್ರಿ ಮಗು ಎಲ್ಲಿ ಉಳಿಯುತ್ತೆ, ಸ್ಕೂಲ್ ಇರೋ ಊರಲ್ಲಿ ನಿಮ್ಮವರು ಅಂತ ಒಂದು ಮನೆಯಾದ್ರೂ ಇದೆಯಾ. ಮತ್ತೆ ಮಳೆ ರಜೆ ಸುದ್ದಿ ನಿಮಗೆ ಯಾವಾಗ ಗೊತ್ತಾಗುತ್ತೆ. ಇದು ಯಾಕೆ ಅಂದ್ರೆ ಒಂದು ಸಲ ರಜೆ ಮೆಸೇಜ್ ಬಂದಾಗ ಮಗಳ ವ್ಯಾನ್ ಹೊರಟು ಅರ್ಧ ಗಂಟೆ ಆಗಿತ್ತು, ಡ್ರೈವರ್‌ಗೆ ನೆಟ್‌ವರ್ಕ್ ಇಲ್ಲ, ಮುಕ್ಕಾಲು ದಾರಿ ಹೋಗಿ ವಾಪಸ್ ಬಂದ್ರು, ಮಕ್ಕಳು ಮನೆ ಸೇರೋವಾಗ ಹತ್ತು ಗಂಟೆ. ಹತ್ತಿರದ ಶಾಲೆ ಮಕ್ಕಳು ಆಗಿನ್ನೂ ಹಾಸಿಗೇಲಿದ್ರು. ರಜೆ ಕೊಟ್ಟ ದಿನಗಳನ್ನ ಆಮೇಲೆ ಶನಿವಾರ ಮಧ್ಯಾಹ್ನ, ಭಾನುವಾರ ಕ್ಲಾಸ್ ಮಾಡಿ ತುಂಬಿಸ್ತಾರೆ, ದೂರದಿಂದ ಬರೋ ಮಕ್ಕಳಿಗೆ ಆಗ ವಾರಕ್ಕೊಂದು ದಿನ ಬಿಡುವೂ ಇರಲ್ಲ.

ನಾಲ್ಕನೇದು: ಮನೆಯಿಂದ ಮೇನ್ ರೋಡ್ ತನಕದ ದಾರಿ

ವ್ಯಾನ್ ಎಷ್ಟೇ ಚೆನ್ನಾಗಿರ್ಲಿ, ತೋಟದ ಗೇಟ್ ತನಕ ಬರೋದು ಕಮ್ಮಿ. ಸಿದ್ದಾಪುರ, ಮಾಲ್ದಾರೆ, ಚೆಟ್ಟಳ್ಳಿ, ಅಮ್ಮತ್ತಿ, ಪಾಲಿಬೆಟ್ಟ, ತಿತಿಮತಿ ಕಡೆಯವರಿಗೆ ಬೆಳಿಗ್ಗೆ ಬೆಳಿಗ್ಗೆ ಆನೆ ಭಯ, ಬಾಳೆಲೆ, ಕುಟ್ಟ, ಶ್ರೀಮಂಗಲ ಕಡೆ ಹುಲಿ ಭಯ ಕೂಡ. ಡಿಸೆಂಬರ್ ಜನವರೀಲಿ ಆರೂವರೆಗೆ ಇನ್ನೂ ಸೂರ್ಯ ಹುಟ್ಟಿರಲ್ಲ, ಮಂಜು ಬೇರೆ, ಹತ್ತಡಿ ಆಚೆ ಏನಿದೆ ಕಾಣಲ್ಲ. ಕಾಫಿ ಗಿಡದ ಮಧ್ಯೆ ಆನೆ ನಿಂತಿದ್ರೆ ಹತ್ರ ಹೋಗೋ ತನಕ ಗೊತ್ತೇ ಆಗಲ್ಲ ಅನ್ನೋದು ತೋಟದಲ್ಲಿ ಇರೋ ಎಲ್ಲರಿಗೂ ಗೊತ್ತು. ಎಂಟೂವರೆಗೆ ನಡ್ಕೊಂಡು ಹೋಗೋ ಮಗುಗೂ ಆರೂವರೆಗೆ ನಡ್ಕೊಂಡು ಹೋಗೋ ಮಗುಗೂ ಇರೋ ಅಪಾಯ ಒಂದೇ ಅಲ್ಲ. ದೂರದ ಸ್ಕೂಲ್ ಅಂದ್ರೆ ಎರಡು ಗಂಟೆ ಬೇಗ ಹೊರಡೋದು, ಅಂದ್ರೆ ದೊಡ್ಡವರೊಬ್ಬರು ದಿನಾ ಜೀಪಲ್ಲೋ ಬೈಕಲ್ಲೋ ಬಿಟ್ಟು ಬರ್ಲೇಬೇಕು, ಸಾಯಂಕಾಲ ಕರ್ಕೊಂಡು ಬರ್ಲೇಬೇಕು. ಲೈನ್ ಮನೇಲಿ (ತೋಟದ ಕೆಲಸದವರ ಸಾಲು ಮನೆ) ಇರೋ ಅಪ್ಪ ಅಮ್ಮಂದಿರಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗೋ ಹೊತ್ತಲ್ಲಿ ಇದು ಸಾಧ್ಯಾನಾ? ಯಾರು ಬಿಡೋದು, ಅವರಿಗೆ ಜ್ವರ ಬಂದ್ರೆ ಇನ್ಯಾರು, ಕುಯ್ಲು ಟೈಮಲ್ಲಿ ಯಾರು, ಹೆಸರು ಸಮೇತ ಬರ್ಕೊಳ್ಳಿ. ಊರಲ್ಲಿ ಆನೆ ಬಂದ ಸುದ್ದಿ ಹಾಕೋ ವಾಟ್ಸಾಪ್ ಗ್ರೂಪ್ ಇದ್ರೆ ವ್ಯಾನ್ ಡ್ರೈವರ್‌ನೂ ಅದಕ್ಕೆ ಸೇರಿಸಿ.

ಐದನೇ ಕೆಲಸ, ಇದು ದೊಡ್ಡದು: "ಒಳ್ಳೇ ಸ್ಕೂಲ್" ಅಂದ್ರೆ ಏನು ಅಂತ ನೀವೇ ಕಣ್ಣಾರೆ ನೋಡಿ

ನಾವು ಒಳ್ಳೇ ಸ್ಕೂಲ್ ಅನ್ನೋದು ಸಾಮಾನ್ಯವಾಗಿ ಬಿಲ್ಡಿಂಗ್ ನೋಡಿ, ಟೈ ಬೂಟ್ ನೋಡಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ಫ್ಲೆಕ್ಸ್ ನೋಡಿ. ಹತ್ತನೇ ಕ್ಲಾಸಲ್ಲಿ 95 ಪರ್ಸೆಂಟ್ ತೆಗೆದ ಮಕ್ಕಳ ಫೋಟೋಗೂ ನಿಮ್ಮ ಆರು ವರ್ಷದ ಮಗುಗೆ ಒಂದನೇ ಕ್ಲಾಸಲ್ಲಿ ಯಾರು ಪಾಠ ಮಾಡ್ತಾರೆ ಅನ್ನೋದಕ್ಕೂ ಸಂಬಂಧಾನೇ ಇಲ್ಲ. ಮೊದಲು ಮೊಬೈಲಲ್ಲೇ ಒಂದು ಕೆಲಸ ಮಾಡಿ. ದೇಶದ ಎಲ್ಲ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಅಂತ ಇರುತ್ತೆ, ಯುಡೈಸ್ ಪ್ಲಸ್ ವೆಬ್‌ಸೈಟಲ್ಲಿ ಶಾಲೆ ಹೆಸರು ಹುಡುಕಿದ್ರೆ ಎಷ್ಟು ಮಕ್ಕಳು, ಎಷ್ಟು ಟೀಚರ್, ಕೊಠಡಿ, ಟಾಯ್ಲೆಟ್, ಲೈಬ್ರರಿ ಎಲ್ಲ ಸಿಗುತ್ತೆ. ದೂರದ್ದು ಹತ್ತಿರದ್ದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಯ್ದೆ ಪ್ರಕಾರ 5ನೇ ಕ್ಲಾಸ್ ತನಕ 30 ಮಕ್ಕಳಿಗೆ ಒಬ್ರು ಟೀಚರ್, 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ರು ಇರ್ಬೇಕು. ಹೆಸರಾದ ಸ್ಕೂಲ್‌ಗಳಲ್ಲಿ ಒಂದೇ ಸೆಕ್ಷನಲ್ಲಿ 45, 50 ಮಕ್ಕಳಿರೋದು, ನಮ್ಮೂರಿನ ಶಾಲೇಲಿ ಕ್ಲಾಸ್‌ಗೆ 12 ಮಕ್ಕಳಿರೋದು ಇದೇ ಜಿಲ್ಲೇಲಿ ನಾನು ನೋಡಿದ್ದೀನಿ.

ಆಮೇಲೆ ಶಾಲೆಗೆ ಹೋಗಿ, ಕ್ಲಾಸ್ ನಡೀತಿರೋ ದಿನಾನೇ ಹೋಗಿ. ಆಫೀಸ್ ರೂಮಲ್ಲಿ ಕೂತು ಮಾತಾಡಿ ಬರ್ಬೇಡಿ, ಪರ್ಮಿಷನ್ ಕೇಳಿ ಮೂರನೇ ಕ್ಲಾಸ್ ಮಕ್ಕಳ ನೋಟ್‌ಬುಕ್ ತೋರ್ಸಿ ಅನ್ನಿ. ನೋಟ್‌ಬುಕ್ ನೋಡೋದು ಹೇಗೆ ಅಂದ್ರೆ, ಎಲ್ಲ ಮಕ್ಕಳದ್ದೂ ಅಕ್ಷರ ಅಕ್ಷರ ಒಂದೇ ಥರ ಇದ್ರೆ ಬೋರ್ಡ್ ನೋಡಿ ಕಾಪಿ ಮಾಡಿಸಿದ್ದಾರೆ ಅಂತ ಅರ್ಥ. ಒಂದೊಂದರಲ್ಲಿ ಒಂದೊಂದು ಥರ ತಪ್ಪು ಇದ್ದು, ಟೀಚರ್ ಅದನ್ನ ತಿದ್ದಿ, ಮಗು ಮತ್ತೆ ಬರೆದಿದ್ರೆ ಅಲ್ಲಿ ಕಲಿಸ್ತಿದ್ದಾರೆ ಅಂತ. ದೂರದ ಸ್ಕೂಲಲ್ಲಿ ನನ್ನ ಮಗಳ ಇಂಗ್ಲಿಷ್ ನೋಟ್‌ಬುಕ್ ತಪ್ಪಿಲ್ಲದೆ ಮುತ್ತಿನ ಹಾಗಿತ್ತು, ಅದರಲ್ಲಿ ಅವಳೇ ಬರೆದ ಸಾಲನ್ನ ಓದು ಅಂದ್ರೆ ಓದೋಕೆ ಬರ್ತಿರಲಿಲ್ಲ. ಎರಡನೇ ಕ್ಲಾಸ್ ಪುಸ್ತಕದ ಒಂದು ಪ್ಯಾರಾವನ್ನ ಮೂರನೇ ಕ್ಲಾಸ್ ಮಗು ಅರ್ಥ ಮಾಡ್ಕೊಂಡು ಓದುತ್ತಾ, ದಶಕ ತಗೊಂಡು ಕಳೆಯೋ ಲೆಕ್ಕ ಮಾಡುತ್ತಾ, ಈ ಎರಡು ಸಾಕು, ಯಾವ ಸ್ಕೂಲ್ ಮಗುವನ್ನಾದ್ರೂ ಪ್ರೀತಿಯಿಂದ ಕೂರಿಸ್ಕೊಂಡು ನೋಡ್ಬಹುದು.

ಸರ್ಕಾರಿ ಶಾಲೆಗೆ ಹೋದಾಗ 1, 2, 3ನೇ ಕ್ಲಾಸ್ ಮಕ್ಕಳು ಒಂದೇ ರೂಮಲ್ಲಿ ಕೂತಿದ್ದಾರೆ ಅಂತ ಗಾಬರಿ ಆಗ್ಬೇಡಿ. ಅದು ನಲಿಕಲಿ, ಟೀಚರ್ ಇಲ್ಲ ಅಂತ ಮಾಡಿದ್ದಲ್ಲ, ಕಲಿಸೋ ಕ್ರಮಾನೇ ಹಾಗೆ. ನಮ್ಮ ಪಕ್ಕದ ಎಚ್.ಡಿ. ಕೋಟೆಯಲ್ಲೇ 1995ರಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಬಂತು. ಮಗು ತನ್ನ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತೆ, ಒಂದು ವಾರ ರಜೆ ಹಾಕಿದ್ರೂ ಬಿಟ್ಟ ಕಡೆಯಿಂದಾನೇ ಮುಂದುವರೆಯುತ್ತೆ. ಮಳೆಗಾಲದಲ್ಲಿ ನೆಗಡಿ ಜ್ವರ ಅಂತ ರಜೆ ಆಗೋ ನಮ್ಮ ಮಕ್ಕಳಿಗೆ ಇದು ಒಳ್ಳೇದೇ. ಆದ್ರೆ ಅದು ನಡೆಯೋದು ಟೀಚರ್ ಮೇಲೆ. ಒಬ್ಬರೇ ಟೀಚರ್ ಇಡೀ ಶಾಲೆ ನೋಡ್ಕೊಳ್ತಾ, ಮೀಟಿಂಗ್‌ಗೂ ಹೋಗ್ತಾ, ಅತಿಥಿ ಶಿಕ್ಷಕರು ಬರೋ ತನಕ ಯಾರೂ ಇಲ್ಲ ಅನ್ನೋ ಪರಿಸ್ಥಿತಿ ಇದ್ರೆ ಮಾತ್ರ ಹತ್ತಿರ ಇದೆ ಅಂತ ಹಾಕ್ಬೇಡಿ, ಅದನ್ನೂ ನಾನು ಅಷ್ಟೇ ಗಟ್ಟಿಯಾಗಿ ಹೇಳ್ತೀನಿ. ಹತ್ತಿರದ ಶಾಲೆ ಹತ್ತಿರ ಇರೋದಷ್ಟೇ ಅದರ ಗುಣ ಆಗ್ಬಾರ್ದು.

ಭಾಷೆ ವಿಷ್ಯಾನೂ ಇದೇ ಜೊತೆ. ನಮ್ಮ ಮಕ್ಕಳು ಮನೇಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಯರವ ಭಾಷೆ ಆಡ್ತಾರೆ, ರೋಡಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್. ಮೂರನೇ ಭಾಷೇಲಿ ಪಾಠ ಕೇಳೋ ಮಗುಗೆ ಪ್ರಶ್ನೆ ಕೇಳೋ ಧೈರ್ಯ ಇದೆಯಾ ಅಂತ ನೋಡಿ. ಇಂಗ್ಲಿಷ್ ಬೇಕು ಅನ್ನೋದೇ ಕಾರಣ ಆದ್ರೆ ದೂರ ಹೋಗೋ ಮುಂಚೆ ನಿಮ್ಮ ಹೋಬಳಿಯ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ರೆ ವಿಚಾರಿಸಿ, 2019ರಿಂದ ಸರ್ಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮೀಡಿಯಂ ಸೆಕ್ಷನ್ ಶುರು ಮಾಡಿದ್ದಾರೆ.

ಆರನೇದು: ವಯಸ್ಸು ಮತ್ತೆ ನಿದ್ದೆ

6ರಿಂದ 12 ವರ್ಷದ ಮಗುಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು, 13 ದಾಟಿದ್ರೆ 8ರಿಂದ 10. ಬೆಳಿಗ್ಗೆ 5.30ಕ್ಕೆ ಎಬ್ಬಿಸೋ ಮಗು ಹತ್ತು ಗಂಟೆ ನಿದ್ದೆ ಮಾಡ್ಬೇಕು ಅಂದ್ರೆ ರಾತ್ರಿ 7.30ಕ್ಕೆ ಮಲಗ್ಬೇಕು. 5.20ಕ್ಕೆ ಮನೆಗೆ ಬಂದ ಮಗು ಎರಡು ಗಂಟೇಲಿ ಸ್ನಾನ, ಹೋಮ್‌ವರ್ಕ್, ಊಟ ಮುಗಿಸಿ ಮಲಗುತ್ತಾ? ಆಟ ಎಲ್ಲಿ? ಅಜ್ಜಿ ಹತ್ರ ಕೂತು ಮಾತಾಡೋದು ಎಲ್ಲಿ? ನಮ್ಮನೇಲಿ ಅವಳು ಒಂಬತ್ತೂವರೆಗೆ ಮಲಗ್ತಿದ್ದಳು, ದಿನಾ ಎರಡು ಗಂಟೆ ನಿದ್ದೆ ಸಾಲ. ಅದಕ್ಕೇ ಭಾನುವಾರ ಮಧ್ಯಾಹ್ನ ಯಾರ ಮನೆಗೂ ಬರ್ತಿರಲಿಲ್ಲ, ಸೋಫಾ ಮೇಲೆ ಹಾಗೇ ಬಿದ್ದಿರ್ತಿದ್ದಳು, ನಾವು ಸೋಮಾರಿ ಅಂತ ಬೈತಿದ್ವಿ.

ನನ್ನ ಅನುಭವದಲ್ಲಿ ಹೇಳೋದಾದ್ರೆ ನಾಲ್ಕನೇ ಕ್ಲಾಸ್ ತನಕ ಒಂದು ಕಡೆಗೆ ಅರ್ಧ ಗಂಟೆ, ಹೆಚ್ಚು ಅಂದ್ರೆ 40 ನಿಮಿಷ, ಅದರ ಮೇಲೆ ಬೇಡ, ಎಂಥಾ ಸ್ಕೂಲ್ ಆದ್ರೂ ಬೇಡ. ಐದರಿಂದ ಏಳಕ್ಕೆ ಮಗು ನೋಡಿ, ವಾಂತಿ ಇಲ್ಲ, ಆರೋಗ್ಯ ಗಟ್ಟಿ ಅಂದ್ರೆ ಒಂದು ಗಂಟೆ ತನಕ ಯೋಚ್ನೆ ಮಾಡ್ಬಹುದು. ಎಂಟನೇ ಕ್ಲಾಸ್‌ನಿಂದ ಲೆಕ್ಕ ಉಲ್ಟಾ ಆಗುತ್ತೆ. ಆಗ ಗಣಿತಕ್ಕೆ, ವಿಜ್ಞಾನಕ್ಕೆ ಬೇರೆ ಬೇರೆ ಟೀಚರ್ ಬೇಕು, ಲ್ಯಾಬ್ ಬೇಕು, ಹಾಕಿ ಆಡೋ ಮಗುಗೆ ಗ್ರೌಂಡ್ ಮತ್ತೆ ಕೋಚ್ ಬೇಕು. ನಮ್ಮ ದೊಡ್ಡ ಮಗ ಈಗ ಹೈಸ್ಕೂಲ್‌ಗೆ ಅಷ್ಟೇ ದೂರ ಬಸ್ಸಲ್ಲಿ ಹೋಗ್ತಾನೆ, ಅವನಿಗೆ ಅದು ಕಷ್ಟ ಅನ್ಸಲ್ಲ, ಬಸ್ಸಲ್ಲಿ ಫ್ರೆಂಡ್ಸ್ ಸಿಗ್ತಾರೆ ಅಂತ ಖುಷೀನೇ. ಒಂದೇ ಮನೆ, ಒಂದೇ ರೋಡ್, ಇಬ್ಬರು ಮಕ್ಕಳಿಗೆ ಎರಡು ಉತ್ತರ.

ಬ್ಯಾಗ್ ತೂಕಾನೂ ನೋಡಿ. 2019ರ ಆದೇಶದ ಪ್ರಕಾರ ರಾಜ್ಯದಲ್ಲಿ ಬ್ಯಾಗ್ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರ್ದು, 1-2ನೇ ಕ್ಲಾಸ್‌ಗೆ 2 ಕೆಜಿ ಒಳಗೆ. ನಾವು ಕಾಫಿ ತೂಗೋ ತಕ್ಕಡೀಲಿ ಹಾಕಿ ನೋಡಿದ್ವಿ, ಊಟದ ಬಾಕ್ಸ್, ನೀರು, ಜರ್ಕಿನ್ ಸೇರಿ 5 ಕೆಜಿ ಹತ್ರ ಬಂತು.

ಏಳನೇದು: ವಾಹನ

ವ್ಯಾನ್ ಆದ್ರೆ ನಂಬರ್ ಪ್ಲೇಟ್ ನೋಡಿ. ಬಿಳಿ ಬೋರ್ಡ್ ಗಾಡೀಲಿ ಬಾಡಿಗೆಗೆ ಮಕ್ಕಳನ್ನ ಕರ್ಕೊಂಡು ಹೋಗೋ ಹಾಗಿಲ್ಲ, ಅಪಘಾತ ಆದ್ರೆ ಇನ್ಶೂರೆನ್ಸ್ ಸಿಗೋದೂ ಕಷ್ಟ ಆಗುತ್ತೆ. ಸ್ಕೂಲ್ ಬಸ್ ಹಳದಿ ಬಣ್ಣ ಇರ್ಬೇಕು, ಸ್ಪೀಡ್ ಗವರ್ನರ್, ಫಸ್ಟ್ ಏಡ್ ಬಾಕ್ಸ್, ಬೆಂಕಿ ನಂದಿಸೋ ಸಿಲಿಂಡರ್, ಕಿಟಕಿಗೆ ಅಡ್ಡ ಕಂಬಿ, ಮಕ್ಕಳನ್ನ ಇಳಿಸಿ ಹತ್ತಿಸೋಕೆ ಒಬ್ರು ಸಹಾಯಕರು, ಡ್ರೈವರ್‌ಗೆ ದೊಡ್ಡ ಗಾಡಿ ಓಡಿಸಿ ಕನಿಷ್ಠ 5 ವರ್ಷದ ಅನುಭವ, ಇವೆಲ್ಲ ಸುಪ್ರೀಂ ಕೋರ್ಟ್ ಹೇಳಿರೋದು. ಕೇಳೋಕೆ ನಾಚಿಕೆ ಪಟ್ಕೋಬೇಡಿ. ಟೈರ್ ನೋಡಿ, ಜೂನ್‌ಗೆ ಮುಂಚೆ ಸವೆದ ಟೈರ್ ಇದ್ರೆ ನಮ್ಮ ಇಳಿಜಾರಲ್ಲಿ ಅಪಘಾತಕ್ಕೆ ಅದೇ ಸಾಕು. ವೈಪರ್ ಕೆಲಸ ಮಾಡುತ್ತಾ ಅಂತ ಹಾಕ್ಸಿ ನೋಡಿ.

ಬಸ್ ಆದ್ರೆ ಒಂದು ವಿಷ್ಯ ಗೊತ್ತಿರ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೇಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಫ್ರೀ, ಗಂಡುಮಕ್ಕಳಿಗೆ ರಿಯಾಯಿತಿ ಪಾಸ್ ಇದೆ. ಆದ್ರೆ ಕೊಡಗಿನ ಎಷ್ಟೋ ಒಳರೂಟಲ್ಲಿ ಓಡೋದು ಪ್ರೈವೇಟ್ ಬಸ್ಸೇ, ಅಲ್ಲಿ ಈ ಎರಡೂ ನಡೆಯಲ್ಲ. ಹಾಗಾಗಿ ಸರ್ಕಾರಿ ಬಸ್ಸಿನ ಟೈಮು, ಅದು ತಪ್ಪಿದ್ರೆ ಮುಂದಿನ ಬಸ್ ಎಷ್ಟೊತ್ತಿಗೆ ಅನ್ನೋದನ್ನ ಕಂಡಕ್ಟರ್ ಹತ್ರಾನೇ ಕೇಳಿ ಬರ್ಕೊಳ್ಳಿ.

ಎಂಟನೇದು: ದುಡ್ಡು, ಮತ್ತೆ ಯಾರೂ ಹೇಳದ ಒಂದು ಲೆಕ್ಕ

ಫೀಸ್ ಜೊತೆ ವ್ಯಾನ್ ಬಾಡಿಗೆ, ಗೇಟ್ ತನಕ ಬಿಡೋ ಪೆಟ್ರೋಲ್, ಬಿಡೋಕೆ ಹೋಗೋರ ಅರ್ಧ ದಿನದ ಕೆಲಸ, ಇಷ್ಟನ್ನೂ ಹತ್ತು ವರ್ಷಕ್ಕೆ ಲೆಕ್ಕ ಹಾಕಿ, ಕಾಫಿ ರೇಟ್ ಬಿದ್ದ ವರ್ಷಾನೂ ಇದನ್ನ ಕಟ್ಟೋಕಾಗುತ್ತಾ ನೋಡಿ.

ಇನ್ನೊಂದು, ಹಳ್ಳಿ ಶಾಲೇಲಿ ಓದಿದ್ರೆ ಸಿಗೋ ಮೀಸಲಾತಿ. ಸಿಇಟಿಯಲ್ಲಿ 1ರಿಂದ 10ನೇ ತನಕ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ 15 ಪರ್ಸೆಂಟ್, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ 5 ಪರ್ಸೆಂಟ್ ಸೀಟ್ ಇದೆ, ಬೇರೆ ಷರತ್ತುಗಳೂ ಇವೆ. ನವೋದಯಕ್ಕೂ ಕನಿಷ್ಠ 75 ಪರ್ಸೆಂಟ್ ಸೀಟ್ ಗ್ರಾಮೀಣ ಮಕ್ಕಳಿಗೇ, ಅದಕ್ಕೆ 3, 4, 5ನೇ ಕ್ಲಾಸ್ ಪೂರ್ತಿ ಹಳ್ಳಿ ಶಾಲೇಲಿ ಓದಿರ್ಬೇಕು. ಆಯಾ ಕೋಟಾಗೆ ಹೇಳಿದ ಕ್ಲಾಸ್‌ಗಳಲ್ಲಿ ಒಂದೇ ಒಂದು ವರ್ಷ ಮಡಿಕೇರಿ ಟೌನ್ ಒಳಗಿನ ಶಾಲೆಗೆ ಹಾಕಿದ್ರೂ ಆ ಗ್ರಾಮೀಣ ಕೋಟಾ ಹೋಗುತ್ತೆ. ಅಡ್ಮಿಷನ್ ದಿನ ಇದನ್ನ ಯಾರೂ ಹೇಳಲ್ಲ, ತಾಲೂಕಿನ ಶಿಕ್ಷಣಾಧಿಕಾರಿ (ಬಿಇಒ) ಆಫೀಸಲ್ಲಿ ಆ ಶಾಲೆ ಗ್ರಾಮೀಣಾನಾ ನಗರಾನಾ ಅಂತ ಕೇಳಿ ಖಾತ್ರಿ ಮಾಡ್ಕೊಳ್ಳಿ.

ಒಂಬತ್ತನೇದು: ಎರಡರ ಮಧ್ಯದ ದಾರಿಗಳು

ಹತ್ತಿರದ್ದಾ ದೂರದ್ದಾ ಅಂತ ಎರಡೇ ಅಲ್ಲ. ಐದು ಕ್ಲಾಸ್ ಊರಲ್ಲಿ ಓದಿಸಿ ಆರನೇ ಕ್ಲಾಸ್‌ಗೆ ಎಂಟ್ರೆನ್ಸ್ ಬರೆಸೋದು ನಮ್ಮ ಜಿಲ್ಲೇಲಿ ಒಳ್ಳೇ ದಾರಿ. ಗಾಳಿಬೀಡಿನಲ್ಲಿ ಜವಾಹರ್ ನವೋದಯ ಇದೆ, 12ರ ತನಕ ಊಟ ವಸತಿ ಓದು ಉಚಿತ, 9ನೇ ಕ್ಲಾಸ್‌ನಿಂದ ಕೆಲವರಿಗೆ ಮಾತ್ರ ತಿಂಗಳಿಗೆ ಸ್ವಲ್ಪ ಫೀಸ್ ಇರುತ್ತೆ. ಕೂಡಿಗೆಯಲ್ಲಿ 2007ರಿಂದ ಸೈನಿಕ ಶಾಲೆ ಇದೆ, 6 ಮತ್ತೆ 9ನೇ ಕ್ಲಾಸ್‌ಗೆ ಪರೀಕ್ಷೆ. ಮೊರಾರ್ಜಿ ವಸತಿ ಶಾಲೆಗಳೂ ಆರನೇ ಕ್ಲಾಸ್‌ನಿಂದಾನೇ. ಮಗು ದಿನಾ ಮೂರು ಗಂಟೆ ರೋಡಲ್ಲಿ ಇರೋದಕ್ಕಿಂತ ಹತ್ತು ಹನ್ನೊಂದು ವರ್ಷಕ್ಕೆ ಹಾಸ್ಟೆಲ್‌ಗೆ ಹೋಗೋದು ವಾಸಿ ಅನ್ನೋ ಮಕ್ಕಳಿದ್ದಾರೆ, ಅಮ್ಮನ್ನ ಬಿಟ್ಟು ಒಂದು ರಾತ್ರಿ ಇರದ ಮಕ್ಕಳೂ ಇದ್ದಾರೆ, ಅದು ನಿಮಗೇ ಗೊತ್ತಾಗ್ಬೇಕು.

ಟೌನಲ್ಲಿ ರೂಮ್ ಮಾಡ್ಕೊಂಡು ಅಮ್ಮ ಮಕ್ಕಳು ಅಲ್ಲಿ, ಅಪ್ಪ ತೋಟದಲ್ಲಿ ಅಂತ ಎಷ್ಟೋ ಮನೆ ಇದೆ. ಮಕ್ಕಳಿಗೆ ನಿದ್ದೆ ಸಿಗುತ್ತೆ, ನಿಜ. ಆದ್ರೆ ವಯಸ್ಸಾದ ಅತ್ತೆ ಮಾವ ಮನೇಲಿದ್ರೆ, ಕುಯ್ಲು ಟೈಮಲ್ಲಿ ಆಳು ಸಿಗದೆ ಇದ್ರೆ, ಆ ಭಾರ ಯಾರ ಮೇಲೆ ಬೀಳುತ್ತೆ ಅಂತ ಮೊದಲೇ ಮನೆಮಂದಿ ಎಲ್ಲ ಕೂತು ಮಾತಾಡ್ಬೇಕು. ನಾವು ಆರಿಸಿದ್ದು ಇನ್ನೊಂದು ದಾರಿ: 5 ಕಿಲೋಮೀಟರ್ ದೂರದ ಅನುದಾನಿತ ಶಾಲೆ, ಉಳಿದ ಎರಡು ಗಂಟೇಲಿ ಮನೇಲಿ ದಿನಾ ಅರ್ಧ ಗಂಟೆ ಇಂಗ್ಲಿಷ್ ಕಥೆಪುಸ್ತಕ ಜೋರಾಗಿ ಓದೋದು. ಶಾಲೇಲಿ ಏನು ಕಮ್ಮಿ ಇದೆ ಅಂತ ನೋಡಿ ಅಪ್ಪ ಅಮ್ಮಂದಿರು ಸೇರಿ ಎಚ್.ಎಂ ಹತ್ರ ಕೂತು ಮಾತಾಡಿದ್ವಿ. ಸರ್ಕಾರಿ ಶಾಲೆ ಆದ್ರೆ ಶಾಲಾಭಿವೃದ್ಧಿ ಸಮಿತಿ, ಅಂದ್ರೆ ಎಸ್‌ಡಿಎಂಸಿ ಇದೆ, ಅದರಲ್ಲಿ ಸದಸ್ಯರಾಗಿ, ದೂರದ ಸ್ಕೂಲ್ ವ್ಯಾನ್‌ಗೆ ಕೊಡೋ ದುಡ್ಡಲ್ಲಿ ಕಾಲು ಭಾಗ ನಾಲ್ಕು ಮನೆಯವರು ಹಾಕಿದ್ರೂ ಲೈಬ್ರರಿ ಬೀರು ತುಂಬುತ್ತೆ.

ಹತ್ತನೇದು: ತೀರ್ಮಾನ, ಆಮೇಲೆ ಮತ್ತೆ ನೋಡೋದು

ಬರೆದಿದ್ದನ್ನೆಲ್ಲ ಮುಂದಿಟ್ಕೊಂಡು ಒಂದು ಪ್ರಶ್ನೆ ಕೇಳ್ಕೊಳ್ಳಿ: ದೂರದ ಸ್ಕೂಲಲ್ಲಿ ನನ್ನ ಮಗುಗೆ ಸಿಗೋದು, ಹತ್ತಿರ ಸಿಗದೇ ಇರೋದು ನಿರ್ದಿಷ್ಟವಾಗಿ ಯಾವುದು? "ಅಲ್ಲಿ ಚೆನ್ನಾಗಿದೆ" ಅನ್ನೋದು ಉತ್ತರ ಅಲ್ಲ. "ಇಲ್ಲಿ ಗಣಿತಕ್ಕೆ ಟೀಚರ್ ಇಲ್ಲ, ಅಲ್ಲಿದ್ದಾರೆ", "ನನ್ನ ಮಗುಗೆ ಕಿವಿ ಸರಿಯಾಗಿ ಕೇಳಲ್ಲ, ಅಲ್ಲಿ ಅದಕ್ಕೆ ತರಬೇತಿ ಆದವರಿದ್ದಾರೆ", ಇವು ಉತ್ತರ. ಅಂಥ ಉತ್ತರ ಇದ್ರೆ ಧೈರ್ಯವಾಗಿ ದೂರಾನೇ ಕಳಿಸಿ, ಯಾರು ಏನೇ ಹೇಳ್ಲಿ.

ಸೇರಿಸಿದ ಮೇಲೆ ದಸರಾ ರಜೇಲಿ ಒಂದು ಸಲ ಮತ್ತೆ ಕೂತು ನೋಡಿ. ಮಳೆಗಾಲ ಮುಗಿದಿರುತ್ತೆ, ಎಷ್ಟು ದಿನ ರಜೆ ಆಯ್ತು, ತೂಕ ಇಳಿದಿದೆಯಾ, ಡಬ್ಬಿ ಖಾಲಿ ಬರುತ್ತಾ, ಭಾನುವಾರ ಆಡುತ್ತಾ ಇಲ್ಲ ಮಲಗುತ್ತಾ. ಸರಿ ಹೋಗ್ತಿಲ್ಲ ಅಂದ್ರೆ ಕಟ್ಟಿದ ಫೀಸ್ ನೋಡಿ ವರ್ಷ ದೂಡ್ಬೇಡಿ. 6ರಿಂದ 14 ವರ್ಷದ ಮಗು ಸರ್ಕಾರಿ ಇಲ್ಲ ಅನುದಾನಿತ ಶಾಲೆಗೆ ಬರ್ತೀನಿ ಅಂದ್ರೆ ಟಿಸಿ ತಡ ಆಯ್ತು ಅಂತ ಸೇರಿಸ್ಕೊಳ್ಳದೆ ಇರೋ ಹಾಗಿಲ್ಲ, ಕಾಯ್ದೇಲೇ ಇದೆ. ಮಧ್ಯದಲ್ಲಿ ಬದಲಾಯಿಸೋವಾಗ ಮಗುವಿನ ಎಸ್‌ಎಟಿಎಸ್ ನಂಬರ್ (ರಾಜ್ಯದ ಆನ್‌ಲೈನ್ ದಾಖಲೇಲಿ ಮಗುಗೆ ಕೊಟ್ಟಿರೋ ನಂಬರ್) ಬರ್ದಿಟ್ಕೊಳ್ಳಿ, ಹೊಸ ಶಾಲೆಯವರು ಮೊದಲು ಕೇಳೋದೇ ಅದನ್ನ.

ನಾವು ಬದಲಾಯಿಸಿದ್ದು 2024ರ ಜೂನಲ್ಲಿ, ಮೂರನೇ ಕ್ಲಾಸ್‌ಗೆ. ಮೊದಲನೇ ದಿನ ಸಾಯಂಕಾಲ ನಾಲ್ಕೂಕಾಲಿಗೆ ಮನೇಲಿದ್ದಳು, ಬ್ಯಾಗ್ ಜಗಲಿ ಮೇಲೆ ಹಾಕಿ, ಗಡಿಯಾರ ನೋಡಿ, "ಅಮ್ಮ, ಈಗ ನಾನೇನು ಮಾಡ್ಲಿ" ಅಂತ ಕೇಳಿದಳು.